ಔಡಲೆಲೆಯ ಮೇಲಿನ ಪಾಲು

ಅಳಿಯನಿಗೆ ಏನು ಕೊಡಬೇಕು ಎಂದು ಹೆಣ್ಣಿನ ಕಡೆಯವರು ಕೇಳಿದಾಗ ನನ್ನ ವಯಸ್ಸಿನವರೆಲ್ಲ ಸೈಕಲ್ ಕೇಳುತ್ತಿದ್ದರು. ನಾಲ್ಕಕ್ಷರ ಕಲಿತವರು ಕೈಗಡಿಯಾರ ಕೇಳುತ್ತಿದ್ದರು. ನಾನು ಗಾಳಿ ಬಂದೂಕು ಕೇಳಿದೆ. ಬಳ್ಳಾರಿ ದಂಡಿನ ಕಡೆಯ ಒಂದು ಅಂಗಡಿಯಲ್ಲಿ, ಗಾಜಿನ ಹಿಂದೆ ಅದು ಮಲಗಿದ್ದನ್ನು ಒಮ್ಮೆ ನೋಡಿದ್ದೆ. ಅಷ್ಟೇ, ತಲೆಯಲ್ಲಿ ಕೂತುಬಿಟ್ಟಿತ್ತು. ಮಾವ ಹೊಳಗುಂದದ ರೈತರು, ಮಾತಿಗೆ ತಪ್ಪದ ಮನುಷ್ಯ, ತಂದುಕೊಟ್ಟರು. ಅತ್ತೆಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

"ಗುಮಾಸ್ತಗ ಮಗಳನ್ನ ಕೊಟ್ಟೀವಂತ ಮಾಡಿದ್ವಿ, ಶಿಕಾರಿಯವಗ ಕೊಟ್ಟಂಗಾತು" ಎಂದು ಚಪ್ಪರದ ಕೆಳಗೆ ಎಲ್ಲರಿಗೂ ಕೇಳುವಂತೆ ಅಂದರು. ಅವರು ಅಂದದ್ದು ಸುಳ್ಳೇನಲ್ಲ. ನಾನು ಆದೋನಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ತೂಕದ ಗುಮಾಸ್ತನಾಗಿದ್ದೆ. ಆರು ದಿನ ಹತ್ತಿಯ ಧೂಳು ನುಂಗುವುದು, ಶನಿವಾರ ಸಂಜೆ ನಮ್ಮೂರು ಪೆದ್ದಹರಿವಾಣಕ್ಕೆ ಬರುವುದು, ಭಾನುವಾರ ಬಂದೂಕು ಹಿಡಿದು ಹೊಲ ಸುತ್ತುವುದು. ವಾರದಲ್ಲಿ ಆ ಒಂದು ದಿನಕ್ಕಾಗಿ ಬದುಕಿದ್ದೆ ಎಂದರೂ ನಡೆದೀತು.

ಗಾಳಿ ಬಂದೂಕಿಗೆ ಬಾರೂದು ಬೇಡ, ಬೆಂಕಿ ಬೇಡ. ನಳಿಗೆಯನ್ನು ಹಿಡಿದು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿದು ಕೂರುತ್ತದೆ. ಜೋಳದ ಕಾಳಿನಷ್ಟು ದಪ್ಪದ ಸೀಸದ ಛರ್ರಾ ಇಟ್ಟು ನಳಿಗೆಯನ್ನು ನೆಟ್ಟಗೆ ಮಾಡಬೇಕು. ಕುದುರೆ ಒತ್ತಿದರೆ ಸ್ಪ್ರಿಂಗು ಬಿಚ್ಚಿಕೊಂಡು ಗಾಳಿಯನ್ನು ತಳ್ಳುತ್ತದೆ, ಗಾಳಿ ಛರ್ರಾವನ್ನು ತಳ್ಳುತ್ತದೆ. ಸದ್ದು ಎಂದರೆ ಯಾರೋ ಒದ್ದೆ ಬಟ್ಟೆ ಒಗೆದಷ್ಟು. ಒಳಗಿನ ತೊಗಲಿನ ವಾಷರ್ ಒಣಗಬಾರದು, ಆಗಾಗ ಎಣ್ಣೆಯ ಹನಿ ಬಿಡಬೇಕು. ನಮ್ಮ ಕಡೆ ಎಣ್ಣೆ ಎಂದರೆ ಶೇಂಗಾ ಎಣ್ಣೆ. ಮೊದಲ ಬೇಸಿಗೆಯಲ್ಲಿ ನಾನು ಧಾರಾಳವಾಗಿ ಅದನ್ನೇ ಬಿಟ್ಟೆ. ಹೊಡೆದಾಗಲೆಲ್ಲ ನಳಿಗೆಯಿಂದ ತೆಳ್ಳಗೆ ಹೊಗೆ ಬಂದು ಮಿರ್ಚಿ ಕರಿದ ವಾಸನೆ ಹರಡುತ್ತಿತ್ತು.

"ನಮ್ಮ ಗುಮಾಸ್ತ ಬಂದೂಕಿನ್ಯಾಗ ಮಿರ್ಚಿ ಕರೀತಾನ, ವಾಸನಿಗೆ ಹಕ್ಕಿ ತಾವಾಗೇ ಬರ್ತಾವು" ಎಂದು ಅಜ್ಜ ಊರೆಲ್ಲ ಹೇಳಿಕೊಂಡು ತಿರುಗಿದ.

ಈ ಅಜ್ಜ ನನಗೆ ಸ್ವಂತ ಅಜ್ಜನಲ್ಲ. ಊರಲ್ಲಿ ಕುರಿಹಿಂಡು ಇದ್ದ ಹಿರಿಯ, ನಮ್ಮ ಶಿಕಾರಿ ಗುಂಪಿನ ಯಜಮಾನ. ಗುಂಪು ಎಂದರೆ ಏನು ಮಹಾ: ಅಜ್ಜ, ಮೊಲದ ಬಲೆ ಹೊರುವ ಅವನ ಮಗ, ನಮ್ಮ ಪಕ್ಕದ ಹೊಲದ ರೈತ, ಆ ರೈತನ ಕಂದು ನಾಯಿ, ಕೊನೆಗೆ ನಾನು. ಅವರೆಲ್ಲ ಬಲೆ, ಬಡಿಗೆ, ಕವಣೆಯವರು. ನನ್ನ ಬಂದೂಕನ್ನು ಅಜ್ಜ ಬಂದೂಕು ಎಂದು ಒಪ್ಪಿರಲೇ ಇಲ್ಲ. "ಬಾರೂದು ಇಲ್ಲದ್ದು ಬಂದೂಕೇನು? ಅದು ಒಲಿ ಊದೋ ಕೊಳವಿ" ಎನ್ನುತ್ತಿದ್ದ.

ನನಗೆ ಆ ಕೊಳವೆಯೇ ಸಾಕಿತ್ತು. ಜೋಳ ಕೊಯ್ದ ಹೊಲದಲ್ಲಿ ಕೂಳೆಗಳ ನಡುವೆ ಬೋರಲು ಮಲಗಿ, ಕೌಜುಗ ತಾನಾಗಿ ಬದುವಿಗೆ ಬರುವವರೆಗೆ ಕಾಯುವುದು. ಎರೆಮಣ್ಣಿನ ಬಿಸಿ ಹೊಟ್ಟೆಗೆ ತಟ್ಟುತ್ತಿರುತ್ತದೆ. ಇರುವೆ ಕಚ್ಚಿದರೂ ಅಲ್ಲಾಡುವಂತಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ನಳಿಗೆಯ ತುದಿಯ ನಿಶಾನಿ ಗುರಿಗೆ ಕೂಡಿದಾಗ ಒತ್ತಬೇಕು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಪೇಟೆಯಲ್ಲಿ ಛರ್ರಾ ಸಿಗುವುದು ನಿಂತುಹೋಯಿತು. ಆಗ ರೈಲಿನ ಗೂಡ್ಸು ಡಬ್ಬಿಗಳ ಬಾಗಿಲಿಗೆ ಹಾಕಿ ಕಿತ್ತೆಸೆದ ಸೀಸದ ಸೀಲುಗಳನ್ನು ಹಳಿಯ ಪಕ್ಕ ಆರಿಸಿ ತರುತ್ತಿದ್ದೆ. ಆದೋನಿಯ ಒಬ್ಬ ತೆಲುಗು ಅಕ್ಕಸಾಲಿಗ ಒಂದು ಅಚ್ಚು ಮಾಡಿಕೊಟ್ಟ. "ಬಂಗಾರಂ ಚೇಸೇ ಚೇತುಲಯ್ಯಾ ಇವಿ" ಎಂದು ಬಂಗಾರದ ಕೈಗೆ ಸೀಸ ಹಿಡಿಸಿದ್ದಕ್ಕೆ ಗೊಣಗಿಕೊಂಡೇ ಮಾಡಿದ. ಆ ಛರ್ರಾ ಅಂಗಡಿಯದಕ್ಕಿಂತ ಭಾರ, ದೂರ ಹೋದಷ್ಟೂ ಕೆಳಗಿಳಿಯುತ್ತಿತ್ತು. ಹಕ್ಕಿಯ ಎದೆಗೆ ಬೀಳಬೇಕೆಂದರೆ ಅದರ ತಲೆಯ ಮೇಲಕ್ಕೆ ಗುರಿ ಇಡಬೇಕಿತ್ತು.

ಬೇಟೆ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ ಪಾಲು. ಅದು ಅಜ್ಜನ ಕೆಲಸ, ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಹೊಲದ ಅಂಚಿನಿಂದ ಅಗಲವಾದ ಔಡಲದ ಎಲೆಗಳನ್ನು ಕಿತ್ತು ತಂದು ಸಾಲಾಗಿ ಹಾಸಿ, ಎಲ್ಲ ಬೇಟೆಯನ್ನೂ ಕೊಯ್ದು, ಒಂದೊಂದು ಎಲೆಯ ಮೇಲೂ ಒಂದೊಂದು ಗುಡ್ಡೆ ಇಡುತ್ತಿದ್ದ. ಬಂದ ಮನುಷ್ಯನಿಗೆ ಒಂದು ಪಾಲು, ನಾಯಿಗೆ ಒಂದು, ಬಲೆಗೆ ಒಂದು. ಯಾರ ಮನೆಯಲ್ಲಿ ಬಸುರಿ ಇದ್ದಾಳೋ ಅವರಿಗೆ ಹೊಟ್ಟೆಯೊಳಗಿನ ಜೀವದ ಹೆಸರಿನಲ್ಲಿ ಇನ್ನೊಂದು. ಎಲೆಯ ಮೇಲೆ ಇಟ್ಟ ಪಾಲನ್ನು ಯಾವ ಕಾರಣಕ್ಕೂ ಇಟ್ಟವನು ವಾಪಸು ತೆಗೆಯುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಯಾರದೋ ಅವರೇ, ಇಲ್ಲವೆ ಅವರ ಹೆಸರಿನಲ್ಲಿ ಅವರ ಮನೆಯವರು ಎತ್ತಬೇಕು. ನನ್ನ ಬಂದೂಕಿಗೆ ಪಾಲು ಇರಲಿಲ್ಲ. ಕೇಳಿದರೆ, "ಹಂಗಾದ್ರ ಚಿಮಟಿಗೀಗೂ ಒಂದು, ಲಟ್ಟಣಗೀಗೂ ಒಂದು ಇಡಬೇಕಾಗತೈತಿ" ಎಂದು ಅಜ್ಜ ನಗುತ್ತಿದ್ದ. ನನಗೆ ಅದು ಸಣ್ಣ ಸಿಟ್ಟು. ಎಷ್ಟೋ ಭಾನುವಾರ ಆ ಪಾಲಿಗಾಗಿಯೇ ಹಟ ಹಿಡಿದು ಹೊಡೆದಿದ್ದೇನೆ.

ಮದುವೆಯಾದ ಎರಡನೆಯ ವರ್ಷ ಹೆಂಡತಿ ಬಸುರಿಯಾದಳು. ಸುದ್ದಿ ತಿಳಿದ ಭಾನುವಾರವೇ ಅಜ್ಜ ನನ್ನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿ, ಬೇಟೆಯಲ್ಲಿ ಮೆತ್ತಗಿದ್ದ ತುಂಡುಗಳನ್ನೇ ಆರಿಸಿ ಇಟ್ಟು, "ಇದು ಒಳಗ ಕುಂತೋರದು, ನೀ ಬಾಯಿಗೆ ಹಾಕ್ಕೊಂಡೀ, ನೋಡು" ಎಂದ. ಹೆಂಡತಿ ಆ ಪಾಲಿಗೆ ಬೇರೆ ಗಡಿಗೆಯಲ್ಲಿ ಸಾರು ಮಾಡುತ್ತಿದ್ದಳು. ನಾನು ಚಮಚ ಹಾಕಲು ಹೋದರೆ, "ಇದು ನಂದೂ ಅಲ್ಲ, ನಿಮ್ಮದೂ ಅಲ್ಲ, ಕೈ ತಗೀರಿ" ಎಂದು ಗಡಿಗೆ ಎಳೆದುಕೊಳ್ಳುತ್ತಿದ್ದಳು. ಅವಳು ಹಾಗೆ ನಕ್ಕ ದಿನಗಳು ಅವು.

ಏಳನೆಯ ತಿಂಗಳಲ್ಲಿ ಅತ್ತೆ ಬಂದು ಕುಬುಸ ಮಾಡಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋದರು. ಗಾಡಿ ಹತ್ತುವ ಮುಂಚೆ ನನ್ನನ್ನು ನೇರವಾಗಿ ನೋಡದೆ, ಗೋಡೆಗೆ ಒರಗಿಸಿದ್ದ ಬಂದೂಕನ್ನು ನೋಡುತ್ತ ಹೇಳಿದರು: "ಇನ್ನ ಇದನ್ನ ಮೂಲ್ಯಾಗ ಇಡ್ರಿ. ಬಸುರಿ ಗಂಡ ಜೀವ ಹೊಡೀಬಾರದು."

ಅದನ್ನು ಅಜ್ಜನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಹಂಗಾದ್ರ ಕಟುಗರ ಮನ್ಯಾಗ ತೊಟ್ಲ ತೂಗಬಾರದಾಗಿತ್ತಲ್ಲೋ!" ಎಂದ. ನನಗೂ ಅದು ಸರಿ ಅನ್ನಿಸಿತು. ಅನ್ನಿಸಬೇಕಿತ್ತು, ಏಕೆಂದರೆ ಭಾನುವಾರ ಬಿಡಲು ನನಗೆ ಮನಸ್ಸಿರಲಿಲ್ಲ. ಹೆಂಡತಿ ಮನೆಯಲ್ಲಿ ಇಲ್ಲದಿದ್ದರೂ ಒಳಗಿನವರ ಪಾಲು ನಿಲ್ಲಲಿಲ್ಲ. ಅವ್ವ ಅದಕ್ಕೆ ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದಳು. ಹೊಳಗುಂದದ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಜಿನ್ನಿನ ಗೇಟಿಗೆ ಯಾರೋ ಬಂದಿದ್ದಾರೆ ಎಂದು ಕಾವಲುಗಾರ ಕರೆದ. ಹೋಗಿ ನೋಡಿದರೆ ಹೆಂಡತಿಯ ಅಣ್ಣ. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಭಾವ, ತಂಗಿ ಆರಾಮ ಅದಾಳ" ಎಂದು ಮೊದಲು ಅದನ್ನೇ ಹೇಳಿದ. ಆಮೇಲೆ, "ಕೂಸು ಉಳೀಲಿಲ್ಲ" ಎಂದ.

"ಯಾವಾಗ?"

"ನಿನ್ನೆ ನಸುಕಿನ್ಯಾಗ. ಹೊಟ್ಟ್ಯಾಗ ಹೋಗಿತ್ತಂತ ಸೂಲಗಿತ್ತಿ ಅಂದ್ಲು. ಹೊತ್ತೇರೋದ್ರಾಗ ಮಣ್ಣು ಮಾಡಿ ಬಂದ್ವಿ."

"ನಾ ಬರ್ತೀನಿ, ನಡಿ."

"ಈಗ ಬ್ಯಾಡಂತ. ಮೈಲಿಗಿ ಕಳದ ಮ್ಯಾಲ ಹೇಳಿ ಕಳಸ್ತೀವಿ." ಅವನು ನನ್ನ ಮುಖ ನೋಡಲಿಲ್ಲ. ಚಹಾ ಕುಡಿ ಎಂದೆ. ಬೇಡ ಎಂದು ಹೊರಟುಬಿಟ್ಟ.

ನಾನು ಒಳಗೆ ಹೋಗಿ ತಕ್ಕಡಿಯ ಮುಂದೆ ನಿಂತೆ. ಉಳಿದ ಹತ್ತಿ ತೂಗಿಸಿದೆ. ಒಂದು ತೂಕವೂ ತಪ್ಪಲಿಲ್ಲ. ಹೆಚ್ಚು ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದರೆ ಅದು ನಮ್ಮದೇ ಕಾಲು ಎಂದು ಗೊತ್ತಿರುತ್ತದೆ, ಮುಟ್ಟಿದರೆ ಮಾತ್ರ ತಿಳಿಯುವುದಿಲ್ಲ. ನನಗೆ ಮೈಯೆಲ್ಲ ಹಾಗಾಗಿತ್ತು. ಒಂದೇ ಒಂದು ಯೋಚನೆ ಇತ್ತು: 'ಬ್ಯಾಡಂತ' ಎಂದರೆ ಯಾರು ಬೇಡ ಎಂದವರು? ಅತ್ತೆಯೋ, ಅವಳೋ? ಬಂದೂಕು ಮೂಲೆಯಲ್ಲಿ ಇಡದವನ ಮುಖ ನೋಡಲು ಅವಳಿಗೆ ಮನಸ್ಸಿಲ್ಲವೇನೋ. ಆ ಯೋಚನೆಯೂ ಬೇರೆ ಯಾರದೋ ಮನೆಯ ವಿಷಯದಂತೆ ಬಂದು ಹೋಯಿತು.

ಸಂಜೆ ಇದ್ದಿಲಿನ ಬಸ್ಸು ಹಿಡಿದು ಊರಿಗೆ ಬಂದೆ. ಯುದ್ಧದ ಕಾಲದ ಆ ಬಸ್ಸುಗಳಿಗೆ ಹಿಂದುಗಡೆ ಒಂದು ಒಲೆ ಇರುತ್ತಿತ್ತು. ಏರು ಬಂದರೆ ನಾವೆಲ್ಲ ಇಳಿದು ನೂಕಬೇಕು. ಎಲ್ಲರ ಜೊತೆ ನಾನೂ ನೂಕಿದೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ, "ಹೊಳಗುಂದದಿಂದ ಏನರ ಸುದ್ದಿ?" ಎಂದು ಕೇಳಿದಳು. ಪ್ರತಿ ಶನಿವಾರವೂ ಕೇಳುತ್ತಿದ್ದಳು. "ಏನಿಲ್ಲ" ಎಂದೆ. ಪ್ರತಿ ಶನಿವಾರವೂ ಹೇಳುವ ಮಾತು, ಬಾಯಿ ತಾನಾಗಿಯೇ ಹೇಳಿತು.

ಭಾನುವಾರ ಬೆಳಿಗ್ಗೆ ಅಜ್ಜ ಬಾಗಿಲಲ್ಲಿ ಕೂಗಿದ. ಹೋಗದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಬಂದೂಕು ತೆಗೆದುಕೊಂಡು ಹೊರಟೆ.

ಆವತ್ತು ನಾನು ಹೊಡೆದಂತೆ ಯಾವತ್ತೂ ಹೊಡೆದಿಲ್ಲ. ಬೇರೆ ದಿನಗಳಲ್ಲಿ ಕೌಜುಗ ಕಂಡ ಕೂಡಲೆ ಎದೆ ಡವಡವ ಅನ್ನುತ್ತಿತ್ತು, ಬೆರಳು ಅವಸರ ಮಾಡುತ್ತಿತ್ತು, ಅರ್ಧಕ್ಕರ್ಧ ಛರ್ರಾ ಮಣ್ಣಿಗೆ ಹೋಗುತ್ತಿದ್ದವು. ಆವತ್ತು ಎದೆ ಸುಮ್ಮನಿತ್ತು. ಹಕ್ಕಿ ಬಂತು, ನಿಶಾನಿ ತಲೆಯ ಮೇಲೆ ಹೋಗಿ ನಿಂತಿತು, ಬೆರಳು ಒತ್ತಿತು, ಹಕ್ಕಿ ಬಿತ್ತು. ಬದುವಿನ ಮೇಲೆ ಎರಡು ಕೌಜುಗ, ಜಾಲಿಯ ಮರದಲ್ಲಿ ಬೆಳವಗಳು, ಕೂಳೆಯ ಮರೆಯಿಂದ ಎದ್ದ ಬುರ್ಲಿ ಹಕ್ಕಿ ಮತ್ತೆ ಕೂತಲ್ಲಿಯೇ. ಹತ್ತಿಯ ಹೊಲದ ನೆರಳಿನಲ್ಲಿ ಕಿವಿ ಮಡಚಿ ಮಲಗಿದ್ದ ಮೊಲವನ್ನು ನಾಯಿಗೂ ಮೊದಲು ನಾನು ಕಂಡೆ. ಗಾಳಿ ಬಂದೂಕಿಗೆ ಮೊಲ ಬೀಳುವುದು ಅಪರೂಪ. ಕಣ್ಣಿಗೂ ಕಿವಿಗೂ ನಡುವೆ, ತೀರ ಹತ್ತಿರದಿಂದ ಹೊಡೆಯಬೇಕು. ಹೊಡೆದೆ. ಅದು ಒಮ್ಮೆ ಕಾಲು ಝಾಡಿಸಿ ಸುಮ್ಮನಾಯಿತು. ನನಗೆ ಸಂತೋಷವೂ ಆಗಲಿಲ್ಲ, ಪಾಪ ಅಂತಲೂ ಅನ್ನಿಸಲಿಲ್ಲ.

"ಇವತ್ತ ನಿನ್ನ ಕೈಯಾಗ ಏನ್ ಹೊಕ್ಕೈತೋ?" ಎಂದು ಅಜ್ಜ ನನ್ನ ಮುಖವನ್ನೇ ನೋಡಿದ. ಅವನ ಮಗನ ಬಲೆಗೆ ಏನೂ ಬಿದ್ದಿರಲಿಲ್ಲ. ಆದ ಬೇಟೆಯೆಲ್ಲ ನನ್ನದೇ.

ಹಳ್ಳದ ದಂಡೆಯಲ್ಲಿ ಎಲೆ ಹಾಸಿದರು. ಅಜ್ಜ ಮೊಲ ಸುಲಿದು, ಹಕ್ಕಿಗಳನ್ನು ಬಿಡಿಸಿ, ಗುಡ್ಡೆ ಇಡುತ್ತ ಬಂದ. ತನಗೆ, ಮಗನಿಗೆ, ರೈತನಿಗೆ, ನಾಯಿಗೆ, ಬಲೆಗೆ, ನನಗೆ. ಆಮೇಲೆ ಹೊಸದೊಂದು ಎಲೆ ತೆಗೆದುಕೊಂಡು ಎಲ್ಲರನ್ನೂ ನೋಡಿ ಹೇಳಿದ: "ಸೋತೆಪ್ಪ. ಇವತ್ತಿನಿಂದ ಕೊಳವೀಗೂ ಒಂದು ಪಾಲು." ರೈತ ಚಪ್ಪಾಳೆ ತಟ್ಟಿದ. ಎರಡು ವರ್ಷ ಬಡಿದಾಡಿದ ಪಾಲು ನನ್ನ ಮುಂದೆ ಇತ್ತು. ನಾನು ನೋಡಿದೆ, ಅಷ್ಟೇ.

ಅವನು ಇನ್ನೊಂದು ಎಲೆ ಹಾಸಿದ. ಕೌಜುಗದ ಎದೆಯ ತುಂಡುಗಳನ್ನು, ಮೊಲದ ಈಲಿಯನ್ನು ಆರಿಸಿ ಅದರ ಮೇಲೆ ಇಟ್ಟ. "ಇದು ಒಳಗ ಕುಂತೋರದು. ಇನ್ನೇನು, ಹೊರಗ ಬಂದು ತಾವ ಕೇಳೋ ಹೊತ್ತಾತು" ಎಂದ.

"ಅಜ್ಜ, ಆ ಪಾಲು ಬ್ಯಾಡ" ಎಂದೆ.

"ಯಾಕೋ?"

"ಕೂಸು ಉಳೀಲಿಲ್ಲ. ಮೊನ್ನೆ ಹೋತಂತ. ಮಣ್ಣು ಮಾಡ್ಯಾರಂತ."

ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದು ನನ್ನ ದನಿಯೇ, ತೂಕ ಕೂಗುವಾಗ ಇರುತ್ತದಲ್ಲ, ಹಾಗೆ ಇತ್ತು. ರೈತ ತಲೆಯ ರುಮಾಲು ತೆಗೆದ. ಅಜ್ಜನ ಮಗ ನಾಯಿಯ ಕೊರಳು ಹಿಡಿದುಕೊಂಡು ಆಚೆ ಸರಿದ. ಅಜ್ಜನ ಕೈ ಆ ಎಲೆಯ ಮೇಲೆಯೇ ಇತ್ತು. ರಕ್ತವಾದ ಬೆರಳುಗಳನ್ನು ಮಡಚಿ ಕೈ ಹಿಂದೆ ತೆಗೆದುಕೊಂಡ. ಮೆಲ್ಲಗೆ ಕೇಳಿದ: "ಗಂಡೇನಪ್ಪ, ಹೆಣ್ಣು?"

ನನಗೆ ಗೊತ್ತಿರಲಿಲ್ಲ.

ಜಿನ್ನಿನ ಗೇಟಿನಲ್ಲಿ ನಾನು ಯಾವಾಗ ಎಂದು ಕೇಳಿದ್ದೆ. ಚಹಾ ಕುಡಿ ಎಂದಿದ್ದೆ. ಇದನ್ನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಆ ಒಂದು ದಿನವೆಲ್ಲ, ಬಸ್ಸು ನೂಕುವಾಗ, ರೊಟ್ಟಿ ಉಣ್ಣುವಾಗ, ಹಕ್ಕಿಗೆ ಗುರಿ ಇಡುವಾಗ, ಒಮ್ಮೆಯೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

"ಕೇಳಲಿಲ್ಲೇನು?" ಎಂದ ಅಜ್ಜ. ಬೈಯುವಂತೆ ಅಲ್ಲ.

"ಇಲ್ಲ."

ಪಾಲಿನ ಸಮಸ್ಯೆ ಹಾಗೇ ಉಳಿದಿತ್ತು. ಇಟ್ಟವನು ತೆಗೆಯುವಂತಿಲ್ಲ, ನಾವು ಯಾರೂ ಮುಟ್ಟುವಂತಿಲ್ಲ, ಯಾರ ಹೆಸರಿನಲ್ಲಿ ಎತ್ತಬೇಕೋ ಅವರೇ ಇಲ್ಲ. ಆ ನಿಯಮ ಮಾಡಿದ ಹಿರಿಯರಿಗೆ ಇಂಥದೊಂದು ಬರಬಹುದು ಎಂದು ಹೊಳೆದಿರಲಿಕ್ಕಿಲ್ಲ. ಎಲೆಯ ಮೇಲೆ ನೊಣ ಕೂರತೊಡಗಿದವು. ಕೊನೆಗೆ ಅಜ್ಜ ತನ್ನ ಚೂರಿಯನ್ನು ಹುಲ್ಲಿಗೆ ಒರೆಸಿ ನನ್ನ ಕೈಗೆ ಕೊಟ್ಟ. "ಮಣ್ಣು ಮಾಡು. ಅಲ್ಲಿ ನೀ ಇರಲಿಲ್ಲಲ್ಲ, ಇಲ್ಲಿ ಮಾಡು" ಎಂದ.

ಹಳ್ಳದ ದಂಡೆಯ ಮಣ್ಣು ಮೆತ್ತಗಿತ್ತು. ಮೊಣಕಾಲೂರಿ ಚೂರಿಯಿಂದ ಅಗೆದೆ. ಎಲೆಯ ಸಮೇತ ಎತ್ತಿ ಒಳಗೆ ಇಟ್ಟು ಕೈಯಿಂದ ಮುಚ್ಚಿದೆ, ನಾಯಿ ಕೆದರದಿರಲಿ ಎಂದು ಮೇಲೆ ಒಂದು ಕಲ್ಲು ಹೇರಿದೆ. ಅಷ್ಟು ಮಾಡಿದರೂ ಅಳು ಬರಲಿಲ್ಲ. ಬರಬೇಕು ಎಂದು ಕಾದೆ, ಬರಲಿಲ್ಲ. ಅವರೆಲ್ಲ ಬೇರೆ ಕಡೆ ನೋಡುತ್ತ ನಿಂತಿದ್ದರು.

"ಅಜ್ಜ, ಇದು ನನ್ನ ಬಂದೂಕಿನಿಂದ ಆತೇನು?" ಎಂದು ಕೇಳಿದೆ.

ಕಟುಗರ ತೊಟ್ಟಿಲಿನ ಮಾತು ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಲಿಲ್ಲ. "ಆವತ್ತ ನಗಚಾಟಗಿಗೆ ಅಂದಿದ್ದೆಪ್ಪ. ನನಗ ಗೊತ್ತಿಲ್ಲ" ಎಂದ. ಮತ್ತೆ, "ನೀ ಮೊದಲ ಆಕೀ ಕಡಿಗೆ ಹೋಗು. ಕೇಳಬೇಕಾದ್ದು ಕೇಳು" ಎಂದ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಕೂತಲ್ಲಿಯೇ ಸ್ವಲ್ಪ ಹೊತ್ತು ಅತ್ತಳು. ನಾನು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಬಿಸಿಲಿಗೆ ಕಟ್ಟಿದ್ದ ದಾರದಿಂದ ಒಣ ಖಂಡವನ್ನೆಲ್ಲ ಬಿಡಿಸಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. "ಒಯ್ದು ಕೊಡು. ಕೂಸು ಇರಲಿ ಬಿಡಲಿ, ಬಾಣಂತಿ ಬಾಣಂತೀನ" ಎಂದಳು.

ಸೋಮವಾರ ಜಿನ್ನಿಗೆ ಹೋಗಲಿಲ್ಲ. ಹೊತ್ತು ಮೂಡುವಾಗಲೇ ಹೊಳಗುಂದದ ದಾರಿ ಹಿಡಿದೆ. ಸ್ವಲ್ಪ ದೂರ ಶೇಂಗಾ ಚೀಲದ ಗಾಡಿ ಸಿಕ್ಕಿತು, ಉಳಿದದ್ದು ನಡಿಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಬಂದೂಕು ಮಾರಿಬಿಡುತ್ತೇನೆ ಎನ್ನಬೇಕು, ನಿಮ್ಮವ್ವ ಹೇಳಿದ್ದು ಕೇಳಬೇಕಿತ್ತು ಎನ್ನಬೇಕು. ಎಲ್ಲ ಮಾತೂ ಸಿದ್ಧವಾಗಿದ್ದವು, ಒಂದೂ ನನಗೆ ತಟ್ಟುತ್ತಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು. ಬೈಯುತ್ತಾರೆ ಎಂದು ನಿಂತೆ. ಅವರು ಕಾಲಿಗೆ ನೀರು ತಂದಿಟ್ಟು, "ಒಳಗ ಅದಾಳ" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದರು.

ಒಳಗಿನ ಕೋಣೆಯಲ್ಲಿ ಲೋಬಾನದ ಹೊಗೆ. ಹೊರಸಿನ ಮೇಲೆ ಅವಳು ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಜ್ಜೆಯ ಸದ್ದು ಗುರುತು ಸಿಕ್ಕಿತೇನೋ, ತಿರುಗದೆಯೇ ಮಾತಾಡಿದಳು.

"ಬರಬ್ಯಾಡ್ರಿ ಅಂತ ಹೇಳಿ ಕಳಿಸಿದ್ದೆ."

"ನೀ ಕಳಿಸಿದ್ದೇನು?"

"ನಾನ. ಬರೇ ಉಡಿ ಇಟ್ಕೊಂಡು ನಿಮಗ ಹೆಂಗ ಮಾರಿ ತೋರಿಸ್ಲಿ?"

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋದವೋ. ನಾನು ಅವಳಿಗೆ ಹೆದರಿ ನಿಂತಿದ್ದೆ, ಅವಳು ನನಗೆ ಹೆದರಿ ಮಲಗಿದ್ದಳು. ಹೊರಸಿನ ಪಕ್ಕ ನೆಲದ ಮೇಲೆ ಕೂತೆ. ಬಾಯಿಗೆ ಬಂದದ್ದು ಒಂದೇ ಮಾತು.

"ಗಂಡೇನು, ಹೆಣ್ಣು?"

ಅವಳು ತಿರುಗಿದಳು. ಕಣ್ಣು ಬಾತಿದ್ದವು.

"ಹೆಣ್ಣು" ಎಂದಳು. "ಇಷ್ಟ್ ಮಂದಿ ಬಂದು ಹೋದ್ರು. ಇನ್ನೊಂದು ಆಗತೈತಿ ಬಿಡು ಅಂತ ಹೇಳಿ ಹೋದ್ರು. ಯಾರೂ ಕೂಸಿನ ಮಾತ ತಗೀಲಿಲ್ಲ." ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿಗೆ ಇಟ್ಟು ತೋರಿಸಿದಳು. "ತಲಿ ತುಂಬ ಕೂದಲಿದ್ವು. ಇಷ್ಟುದ್ದ."

ನಾನು ಆ ಬೆರಳನ್ನು ಹಿಡಿದುಕೊಂಡೆ. ನನಗೆ ಅಳು ಬಂದದ್ದು ಆಗ.